ಮೆತ್ತಗಿನ ಕಲೆ, ಗಟ್ಟಿ ನೆಲ

ಪಾಳಾ, ಮುಂಡಗೋಡ, ಹಳಿಯಾಳ ಕಡೆಯಿಂದ ಬಂದ ನಮಗೆ ಕಾದಾಟದ ಕಲೆ ಅಂದ್ರೆ ಕುಸ್ತಿನೇ. ಕೆಮ್ಮಣ್ಣಿನ ಅಖಾಡ, ಜಂಗಿ ನಿಕಾಲಿ ಕುಸ್ತಿ, ಬೆಳಗಿನ ಬೈಠಕ್ಕು. ಅದರ ಮೇಲೆ ನಮಗೆ ಅಭಿಮಾನ ಇದೆ. ಆದರೆ ಆ ಅಭಿಮಾನದ ಬೆನ್ನಿಗೇ ಒಂದು ಕೆಟ್ಟ ಅಳತೆಗೋಲೂ ಬಂದಿದೆ: ಮೈ ಗಟ್ಟಿ ಇದ್ದವರು ಅಖಾಡಕ್ಕೆ, ಉಳಿದವರು ಚಪ್ಪಾಳೆ ಹೊಡೆಯೋಕೆ.

ಈ ಉಳಿದವರು ಯಾರು? ಹಾಸ್ಟೆಲ್ಲಿನ ಯಾವ ಫ್ಲೋರಿಗೆ ಹೋದರೂ ಸಿಗ್ತಾರೆ. ಕ್ರಿಕೆಟ್‌ನಲ್ಲಿ ಲಿಗಮೆಂಟ್ ಹರಿದುಕೊಂಡವರು, ಇನ್‌ಹೇಲರ್ ಜೇಬಲ್ಲಿ ಇಟ್ಟುಕೊಂಡವರು, ಇಪ್ಪತ್ತಕ್ಕೇ ಸೊಂಟದ ಡಿಸ್ಕ್ ಜಾರಿದವರು. ಇವರು ತಾಯ್ ಚಿ ಕಲೀತೀನಿ ಅಂದ್ರೆ ಸಾಕು, ‘ಏನಲೇ, ಮುದುಕರ ಆಟ ಸುರು ಮಾಡಿದಿ?’ ಅಂತ ನಗು. ಆ ನಗುವಿಗೆ ಹೆದರಿ ನೋವು ಮುಚ್ಚಿಟ್ಟುಕೊಂಡು ಕರಾಟೆ ಕ್ಲಾಸಿಗೆ ಹೋಗೋರನ್ನ ನಾವು ನೋಡಿದ್ದೇವೆ. ಇದು ಧೈರ್ಯ ಅಲ್ಲ ಅನ್ನೋದು ನಮ್ಮ ವಾದ.

ಇನ್ನೊಂದು ಕಡೆ, ‘ಮೃದು’ ಅನ್ನೋ ಹೆಸರನ್ನ ನಂಬೋದೂ ಅಪಾಯವೇ. ಜೂಡೋ ಅಂದ್ರೆ ಜಪಾನಿ ಭಾಷೆಯಲ್ಲಿ ಮೃದು ಮಾರ್ಗ. 1882ರಲ್ಲಿ ಟೋಕಿಯೋದ ಒಂದು ದೇವಾಲಯದಲ್ಲಿ ಹನ್ನೆರಡು ಚಾಪೆ ಹಾಸಿ ಜಿಗೊರೊ ಕಾನೊ ಅದನ್ನ ಶುರು ಮಾಡಿದರು. ಎದುರಾಳಿಯ ಬಲಕ್ಕೆ ಎದುರು ನಿಲ್ಲದೆ ಅವನ ತೂಕದ ಕೇಂದ್ರವನ್ನ ಪಾದದ ಆಧಾರದಿಂದ ಹೊರಗೆ ತರೋದು ಅದರ ತಿರುಳು. ಮೆಕ್ಯಾನಿಕ್ಸ್ ಓದಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆದರೆ ತತ್ವ ಮೃದುವಾದರೂ ಬೀಳೋ ನೆಲ ಮೃದು ಅಲ್ಲ. ಡಿಸ್ಕ್ ಜಾರಿದವರಿಗೆ ದಿನಕ್ಕೆ ಐವತ್ತು ಸಲ ಬೀಳೋದು ಎಂಥಾ ಮೃದು? ಐಕಿಡೋದಲ್ಲಿ ಮಂಡಿಯೂರಿ ಮಾಡೋ ಪಟ್ಟುಗಳಿವೆ, ಲಿಗಮೆಂಟ್ ಹೋದವರು ಅವನ್ನ ಮೊದಲೇ ವಿಚಾರಿಸಬೇಕು. ತಾಯ್ ಚಿಯಲ್ಲೂ ಮೊಣಕಾಲು ಬಗ್ಗಿಸಿ ತಿರುಗುವಾಗ ಪಾದ ತಿರುಗದಿದ್ದರೆ ತಿರುಚುಬಲವೆಲ್ಲ ಮಂಡಿ ಮೇಲೇ. ಸರಿಯಾಗಿ ಕಲಿಸಿದರೆ ಅದರಿಂದ ಉಪಯೋಗ ಉಂಟು. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮಂಡಿ ಸವೆತ ಇದ್ದ 204 ಜನರಲ್ಲಿ 12 ವಾರದ ತಾಯ್ ಚಿ, ಫಿಸಿಯೋಥೆರಪಿಯಷ್ಟೇ ಫಲ ಕೊಟ್ಟಿತ್ತು. ಅದು ವಯಸ್ಸಾದವರ ಮಂಡಿ ಸವೆತದ ಮಾತು, ಹರಿದ ಲಿಗಮೆಂಟಿಗೆ ಅದೇ ಮದ್ದು ಅಂದುಕೊಳ್ಳಬೇಡಿ.

ಹಾಗಾಗಿ ಆಯ್ಕೆ ಶುರುವಾಗಬೇಕಾದ್ದು ಕಲೆಯ ಹೆಸರಿಂದ ಅಲ್ಲ, ನಮ್ಮ ಮೈಯಿಂದ. ಅದೇ ಜೂಡೋ ದೃಷ್ಟಿ ಇಲ್ಲದವರಿಗೆ ಎಷ್ಟು ಚೆನ್ನಾಗಿ ಒಗ್ಗಿದೆ ನೋಡಿ. ಅವರ ಪಂದ್ಯ ಇಬ್ಬರೂ ಅಂಗಿ ಹಿಡಿದ ಮೇಲೇ ಶುರು, ಕೈಗೆ ತಿಳಿದದ್ದೇ ಕಣ್ಣು. 1988ರಿಂದ ಅದು ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಹುಡುಗನಾಗಿದ್ದಾಗ ನೀರಿನ ಪಂಪಿನ ಕರೆಂಟ್ ಹೊಡೆದು ದೃಷ್ಟಿಗೆ ಪೆಟ್ಟು ಬಿದ್ದ ಮಧ್ಯಪ್ರದೇಶದ ಕಪಿಲ್ ಪರ್ಮಾರ್, 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದರು. ಭಾರತಕ್ಕೆ ಜೂಡೋದಲ್ಲಿ ಅದೇ ಮೊದಲ ಪ್ಯಾರಾಲಿಂಪಿಕ್ ಪದಕ. ನಿಯಮ ಒಂದಿಷ್ಟು ಬದಲಾಯಿತು, ಆಟ ಜೂಡೋ ಆಗಿಯೇ ಉಳಿಯಿತು.

ಕ್ಯಾಂಪಸ್ಸಿನಲ್ಲಿ ನಾವು ಕೇಳ್ತಿರೋದೂ ಇಷ್ಟೇ. ಜಿಮ್‌ಖಾನಾದಲ್ಲಿ ವಾರಕ್ಕೆರಡು ಬೆಳಿಗ್ಗೆ ಒಂದು ಮೂಲೆ, ನಾಲ್ಕು ದಪ್ಪ ಮ್ಯಾಟು, ಬೇಕಾದವರಿಗೆ ಕುರ್ಚಿ. ಸೇರೋ ಮುಂಚೆ ಡಾಕ್ಟರಿಗೋ ಫಿಸಿಯೋಗೋ ಒಮ್ಮೆ ತೋರಿಸಿ. ಆಮೇಲೆ ಕಲಿಸೋರ ಹತ್ತಿರ ನಿಮ್ಮ ತೊಂದರೆ ಬಾಯಿಬಿಟ್ಟು ಹೇಳಿ, ‘ಸರ್, ಇದನ್ನ ಬೀಳದೆ ಹೇಗೆ ಮಾಡೋದು?’ ಅಂತ ಕೇಳಿ. ಅವರು ಯೋಚನೆ ಮಾಡಿ ಇನ್ನೊಂದು ದಾರಿ ತೋರಿಸಿದರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ. ‘ಎಲ್ಲಾ ರೂಢಿ ಆಗುತ್ತೆ ಬಾ’ ಅಂದರೆ ಫೀಸ್ ಕಟ್ಟಬೇಡಿ.