ಗೇರ್‌ಬಾಕ್ಸ್ ಹೋಗಿದೆ ಅನ್ನೋ ಮೊದಲು ಹೊಂದಿಸಿ ನೋಡಿ

ಚಿಕ್ಕಬಾಣಾವರದಿಂದ ಎಂಟನೇ ಮೈಲಿ ಕಡೆಗೆ ಬೆಳಿಗ್ಗೆ ಒಂಬತ್ತು ಗಂಟೆಗೆ ಹೊರಟವರಿಗೆ ಹೆಸರಘಟ್ಟ ರಸ್ತೆಯ ಕಥೆ ಹೇಳಬೇಕಾಗಿಲ್ಲ. ನಿಲ್ಲು, ಹತ್ತಡಿ ಮುಂದೆ ಹೋಗು, ಮತ್ತೆ ನಿಲ್ಲು. ಅಂಥ ಒಂದು ಬೆಳಿಗ್ಗೆ ನಮ್ಮ ಭಾವನ ಹಳೇ ಡೀಸೆಲ್ ಕಾರು ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಜಗ್ಗಿ ಜಗ್ಗಿ, ಕೊನೆಗೆ ನ್ಯೂಟ್ರಲ್‌ಗೆ ಬಂದು ನಿಂತುಬಿಟ್ಟಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಇಳಿದು ತಳ್ಳೋಣವೆಂದರೆ ಭಾವನ ಎಡಗಾಲು ಮಡಚುವುದಿಲ್ಲ.

ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವಾಗ ಮಂಡಿಗೆ ಪೆಟ್ಟಾದವರು ಅವರು. ಕ್ಲಚ್ ತುಳಿಯಲು ಆಗುವುದಿಲ್ಲ ಅಂತಲೇ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ತಗೊಂಡಿದ್ದರು. ಆಟೋಮ್ಯಾಟಿಕ್ ಅಂದರೆ ದುಡ್ಡಿದ್ದವರ ಸೋಕು ಎಂದು ನಮ್ಮೂರಲ್ಲಿ ಈಗಲೂ ಅನ್ನುತ್ತಾರೆ. ನಮ್ಮ ಮನೆಗೆ ಅದು ಒಬ್ಬರ ಕಾಲಿದ್ದ ಹಾಗೆ.

ಮೊದಲು ಹೋದ ಗ್ಯಾರೇಜಿನವರು ಬಾನೆಟ್ಟನ್ನೂ ಸರಿಯಾಗಿ ಎತ್ತಲಿಲ್ಲ. 'ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬದಲಾಯಿಸಬೇಕು' ಅಂದರು. ಹೇಳಿದ ಮೊತ್ತ ಕಾರಿನ ಬೆಲೆಯ ಅರ್ಧಕ್ಕೆ ಹತ್ತಿರ. ಏನು ನೋಡಿ ಹೇಳುತ್ತಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲ. ಪೀಣ್ಯದ ಒಳರಸ್ತೆಯ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್ ಮಾತ್ರ ಸ್ಕ್ಯಾನರ್ ಸಿಕ್ಕಿಸಿ, ಬ್ಯಾಟರಿ ಅಳೆದು, ಒಂದು ಸಣ್ಣ ಡಬ್ಬಿಯಲ್ಲಿ ಎಣ್ಣೆ ಕಡಿಮೆ ಇರುವುದನ್ನು ತೋರಿಸಿದರು. ಹಳೇ ಮಾಲೀಕರು ಕ್ಲಚ್ ಪ್ಲೇಟ್ ಹೊಸದು ಹಾಕಿಸಿದ್ದರು, ಆದರೆ ಅದನ್ನು ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಣ್ಣೆ ಸೋರುವುದನ್ನು ನಿಲ್ಲಿಸಿ, ತುಂಬಿಸಿ, ಸ್ಕ್ಯಾನರಿನಲ್ಲಿ ಮತ್ತೆ ಕಲಿಸಿದರು. ಅರ್ಧ ದಿನದ ಕೆಲಸ. ಕಾರು ಈಗ ಓಡುತ್ತಿದೆ.

ಇದು ಅದೃಷ್ಟದ ಕಥೆಯಾಗಿ ಮುಗಿಯಬಾರದು. 2014ರಲ್ಲಿ ಟಾಟಾ ಜೆಸ್ಟ್, 2016ರಲ್ಲಿ ಮಾರುತಿ ಡಿಸೈರ್ ಡೀಸೆಲ್‌ನಲ್ಲಿ ಆಟೋಮ್ಯಾಟಿಕ್ ಗೇರು ಕೊಟ್ಟವು. ಇನ್ನೋವಾ ಕ್ರಿಸ್ಟಾ, ಎಕ್ಸ್‌ಯುವಿ 500 ಕೂಡ ಅದೇ ಕಾಲದವು. ಬೆಂಗಳೂರಿನವರು ಓಡಿಸಿ ಮಾರಿದ ಇಂಥ ಗಾಡಿಗಳು ಈಗ ನೆಲಮಂಗಲ, ಮಾಗಡಿ, ತುಮಕೂರು ಕಡೆಯ ಹಳ್ಳಿಗಳಿಗೂ ಬರುತ್ತಿವೆ. ಗಾಡಿ ಬಂತು, ಅದನ್ನು ಹೊಂದಿಸುವ ವಿದ್ಯೆ ಹಿಂದೆಯೇ ಬರಲಿಲ್ಲ. ಆ ಸಂದಿಯಲ್ಲೇ ನಮ್ಮ ದುಡ್ಡು ಹೋಗುತ್ತಿದೆ.

ಹಾಗಾಗಿ ಮೊದಲು ನಿಮ್ಮ ಗಾಡಿ ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಜೆಸ್ಟ್, ಡಿಸೈರ್ ಥರದವು ಎಎಂಟಿ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ನಿಮ್ಮ ಕಾಲು, ಕೈ ಮಾಡುವ ಕೆಲಸವನ್ನು ಎಣ್ಣೆಯ ಒತ್ತಡ ಮಾಡುತ್ತದೆ, ಅಪ್ಪಣೆ ಕೊಡುವುದು ಕಂಪ್ಯೂಟರು. ಕ್ಲಚ್ ಪ್ಲೇಟ್ ಎಲ್ಲಿ ಕಚ್ಚುತ್ತದೆ ಎನ್ನುವ ಲೆಕ್ಕ ಅದಕ್ಕೆ ಗೊತ್ತಿರಬೇಕು. ಲೆಕ್ಕ ತಪ್ಪಿದರೆ ಜಗ್ಗುತ್ತದೆ. ಒತ್ತಡದ ಪಂಪು ಓಡುವುದು ಕರೆಂಟಿನಿಂದ. ಬ್ಯಾಟರಿ ಸೊರಗಿದ್ದರೂ ಗೇರು ತಪ್ಪುತ್ತದೆ. ಬ್ರೇಕ್ ಲೈಟಿನ ಸ್ವಿಚ್ ಕೆಟ್ಟರೆ ಗೇರೇ ಬೀಳದೆ ಇರಬಹುದು. ಈ ಎರಡನ್ನೂ ನೋಡದೆ ಗೇರ್‌ಬಾಕ್ಸ್ ಇಳಿಸುವವರ ಕೈಗೆ ಕೀ ಕೊಡಬೇಡಿ.

ಇನ್ನೋವಾ ಕ್ರಿಸ್ಟಾ ಥರದವುಗಳಲ್ಲಿ ಕಾಲಲ್ಲಿ ತುಳಿಯುವ ಕ್ಲಚ್ಚಿನ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಶಕ್ತಿ ದಾಟುವುದೇ ಎಣ್ಣೆಯ ಮೂಲಕ. ಅಲ್ಲಿ ಎಣ್ಣೆಯ ಮಟ್ಟ, ಬಣ್ಣ, ವಾಸನೆ ಮೊದಲ ಸಾಕ್ಷಿ. ಸುಟ್ಟ ವಾಸನೆ ಬಂದರೆ ಒಳಗೆ ಏನೋ ಸವೆದಿದೆ ಎಂದೇ ಅರ್ಥ. ಮಟ್ಟ ನೋಡುವ ಕ್ರಮ ಒಂದೊಂದು ಗಾಡಿಗೆ ಒಂದೊಂದು ಥರ, ಕಾರಿನ ಪುಸ್ತಕ ನೋಡಿಯೇ ನೋಡಿಸಿ.

ಇನ್ನೂ ಹಳೆಯವು, ಎಂಬತ್ತರ ದಶಕದ ಮರ್ಸಿಡಿಸ್ ಡೀಸೆಲ್‌ಗಳು, ಪಾಠ ಕಲಿಯಲು ತುಂಬಾ ಒಳ್ಳೆಯವು, ಯಾಕೆಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ವ್ಯಾಕ್ಯೂಮ್ ನೋಡಿ ಹಳೇ ಗೇರ್‌ಬಾಕ್ಸ್‌ಗಳು ಎಂಜಿನ್ ಮೇಲಿನ ಭಾರ ಎಷ್ಟು ಅಂತ ತಿಳಿಯುತ್ತಿದ್ದವು. ಆ ಡೀಸೆಲ್‌ಗಳಲ್ಲಿ ಅಂಥ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೆ ಬೇರೆ ಪಂಪು ಇಟ್ಟು, ಡೀಸೆಲ್ ಪಂಪಿನ ಮೇಲೊಂದು ವಾಲ್ವ್ ಕೂರಿಸಿ, ಆಕ್ಸಿಲರೇಟರ್ ಒತ್ತಿದಷ್ಟೂ ವ್ಯಾಕ್ಯೂಮ್ ಕಡಿಮೆಯಾಗುವಂತೆ ಮಾಡಿದ್ದಾರೆ. ಗೇರು ಎಷ್ಟು ಗಟ್ಟಿಯಾಗಿ ಬೀಳಬೇಕು ಎನ್ನುವುದು ಅದರಿಂದ. ಯಾವಾಗ ಬೀಳಬೇಕು ಎನ್ನುವುದು ಆಕ್ಸಿಲರೇಟರಿಗೆ ಜೋಡಿಸಿದ ಕೇಬಲ್ಲಿನಿಂದ. ಕೇಬಲ್ ಬಿಗಿಯಾದರೆ ಗೇರು ತಡವಾಗಿ ಬೀಳುತ್ತದೆ, ಸಡಿಲವಾದರೆ ಬೇಗ ಬೀಳುತ್ತದೆ. ಧಡ್ ಎಂದು ಬೀಳುತ್ತಿದ್ದರೆ ಮೊದಲು ರಬ್ಬರ್ ಪೈಪುಗಳಲ್ಲಿ ಬಿರುಕು ಹುಡುಕಬೇಕು. ಕೀ ತೆಗೆದ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಅನುಮಾನ ಗಟ್ಟಿಯಾಯಿತು, ಯಾಕೆಂದರೆ ಎಂಜಿನ್ ನಿಲ್ಲಿಸುವುದೂ ಅದೇ ವ್ಯಾಕ್ಯೂಮ್. ಹತ್ತಿಪ್ಪತ್ತು ರೂಪಾಯಿಯ ಪೈಪಿಗೆ ಗೇರ್‌ಬಾಕ್ಸ್ ಇಳಿಸಿದರೆ ಯಾರಿಗೆ ಲಾಭ?

ಯಾವ ಗಾಡಿಯಾದರೂ ನಿಯಮ ಒಂದೇ. ತಿರುಗಿಸುವ ಮೊದಲು ಹಳೇ ಜಾಗಕ್ಕೆ ಗುರುತು ಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಂಜಿನ್ ಬಿಸಿಯಾದ ಮೇಲೆ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿ. ಇನ್ನೊಂದು ಮಾತು. ಗೇರು ಬಿದ್ದದ್ದೇ ಗೊತ್ತಾಗದಷ್ಟು ಮೆತ್ತಗೆ ಮಾಡಿಕೊಡಿ ಎಂದು ಹಟ ಹಿಡಿಯಬೇಡಿ. ಹಳೇ ಆಟೋಮ್ಯಾಟಿಕ್‌ನಲ್ಲಿ ಅತಿ ಮೆತ್ತಗೆ ಬೀಳುವ ಗೇರು ಒಳಗೆ ಜಾರುತ್ತಾ ಪ್ಲೇಟು ಸುಡುತ್ತಿರಬಹುದು. ಸ್ವಲ್ಪ ಗಟ್ಟಿಯಾಗಿ ಬಿದ್ದರೆ ಗಾಡಿಗೆ ಆಯಸ್ಸು.

ಹೊಂದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಪ್ಲೇಟು ಸವೆದಿದ್ದರೆ ಬದಲಿಸಲೇಬೇಕು. ಸವೆದ ಕ್ಲಚ್ಚಿಗೆ ತಿಂಗಳಿಗೊಮ್ಮೆ 'ಕಲಿಸಿ' ದುಡ್ಡು ಕೀಳುವವರೂ ಇದ್ದಾರೆ. ಅದಕ್ಕೇ ನಾವು ಕೇಳುವುದು ಸಾಕ್ಷಿ. ಸ್ಕ್ಯಾನರಿನ ಪರದೆಯ ಫೋಟೋ ಕೆಲಸದ ಮೊದಲೊಂದು, ಆಮೇಲೊಂದು ತೆಗೆಸಿಕೊಳ್ಳಿ. ಬಿಚ್ಚಿದ ಸಾಮಾನು ವಾಪಸ್ ಕೇಳಿ. ಫೋನ್ ನಿಮ್ಮ ಕೈಯಲ್ಲೇ ಇದೆಯಲ್ಲ.

ಆದರೆ ಎಲ್ಲವನ್ನೂ ಗಿರಾಕಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ತಪಾಸಣೆ ಉಪಕರಣ, ತಾಂತ್ರಿಕ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎನ್ನುವುದೇ ಆಕ್ಷೇಪ. ಆಮೇಲೆ ಮೇಲ್ಮನವಿಗಳಾದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳೂ ಅದರೊಳಗಿವೆ. ಒಳ್ಳೆಯದೇ. ಆದರೆ ಪೋರ್ಟಲ್ ನೋಡಿ ಯಾರೂ ಕ್ಲಚ್ಚಿಗೆ ಕಲಿಸಲಾರರು. ಕೈ ಹಿಡಿದು ಕಲಿಸುವವರು ಬೇಕು.

ನಮ್ಮ ಐಟಿಐಗಳಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎನ್ನುವ ಎರಡು ವರ್ಷದ ಕೋರ್ಸ್ ಇದೆ. ಅಲ್ಲಿ ಪ್ರತಿ ಹುಡುಗ, ಹುಡುಗಿಯೂ ಒಂದು ಎಎಂಟಿ ಗಾಡಿಗೆ ತಾವೇ ಸ್ಕ್ಯಾನರ್ ಹಾಕಿ ಕಲಿಸಿದ ಮೇಲೆಯೇ ಪಾಸಾಗಬೇಕು. ಹಳ್ಳಿಯ ಮೆಕ್ಯಾನಿಕ್‌ಗಳಿಗೆ ಭಾನುವಾರದ ತರಗತಿಯನ್ನೂ ಅಲ್ಲೇ ನಡೆಸಬಹುದು. ಹೋಬಳಿಗೊಂದು ಸ್ಕ್ಯಾನರನ್ನು ನಾಲ್ಕಾರು ಗ್ಯಾರೇಜಿನವರು ಕೂಡಿ ಕೊಳ್ಳಬಹುದು. ಟ್ರಾಕ್ಟರನ್ನೇ ಬಾಡಿಗೆಗೆ ಹಂಚಿಕೊಳ್ಳುವ ಊರುಗಳಿಗೆ ಇದು ದೊಡ್ಡ ವಿಷಯವಲ್ಲ.

ಭಾವ ಈಗ ಮತ್ತೆ ಬೆಳಿಗ್ಗೆ ಹೊರಡುತ್ತಾರೆ. ಗ್ಲೋವ್ ಬಾಕ್ಸಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದಾರೆ. ಎಣ್ಣೆ ನೋಡಿಸಿದ ದಿನ, ಕಲಿಸಿದ ದಿನ, ಆಗ ಓಡಿದ್ದ ಕಿಲೋಮೀಟರ್, ಎಲ್ಲ ಬರೆದಿದೆ. ನೀವೂ ಒಂದು ಇಟ್ಟುಕೊಳ್ಳಿ. ಮುಂದಿನ ಸಲ ಯಾರಾದರೂ 'ಗೇರ್‌ಬಾಕ್ಸ್ ಹೋಗಿದೆ' ಅಂದರೆ ಮೊದಲು ಅದನ್ನು ಮುಂದಿಡಿ. ಆಮೇಲೆ ಕೇಳಿ: ಏನು ನೋಡಿ ಹೇಳಿದಿರಿ?