ಹೆಸರು ಕಂಪನಿಯದು, ಉಸಿರು ಯಾರದು?

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಹೆಸರು ನಮ್ಮ ಹಿರಿಯ ರೈತರಿಗೆ ಅಪರಿಚಿತವೇನಲ್ಲ. 1963ರಲ್ಲಿ ಮಹೀಂದ್ರ ಸಂಸ್ಥೆಯ ಜತೆಗೂಡಿ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಕೈಹಾಕಿದ ಅಮೆರಿಕದ ಕಂಪನಿ ಅದು. ಅದೇ ಕಂಪನಿ ತನ್ನ ನೆಲದಲ್ಲಿ ‘ಸ್ಕೌಟ್’ ಎಂಬ ವಾಹನವನ್ನೂ ತಯಾರಿಸುತ್ತಿತ್ತು. 1980ರಲ್ಲಿ ನಿಂತುಹೋದ ಆ ಗಾಡಿಯ ಹೆಸರಿಗೆ ಈಗ ಮರುಜೀವ ಬಂದಿದೆ. ಹೆಸರಿನ ಒಡೆತನ ಮಾತ್ರ ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹದ್ದು. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಕರಾರಿಗೆ ಆಸ್ಪದವಿಲ್ಲ. ಆದರೆ ನಡುವಿನ ನಾಲ್ಕು ದಶಕಗಳ ಕಾಲ ಆ ಹೆಸರಿನ ಬೆಲೆಯನ್ನು ಕಾಪಾಡಿದವರು ಯಾರು ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

1960ರ ಕೊನೆಯಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಕಾರ್ಖಾನೆಯಿಂದ ಹೊರಬಂದ ಸ್ಕೌಟ್, ಜೀಪಿಗೆ ಪೈಪೋಟಿಯಾಗಿ ರೂಪುಗೊಂಡ ಗಾಡಿ. ಫೋರ್ಡ್‌ನ ಬ್ರಾಂಕೊ ಬಂದದ್ದು ಇದರ ನಂತರ, 1965ರಲ್ಲಿ. ಸ್ಕೌಟ್‌ನ ನಾಲ್ಕು ಸಿಲಿಂಡರಿನ ಎಂಜಿನ್ ಕಂಪನಿಯದೇ ವಿ-8 ಎಂಜಿನ್ನಿನ ಅರ್ಧ ಭಾಗ! ಕೃಷಿ ಯಂತ್ರ ತಯಾರಕರಿಗೆ ಸಹಜವಾದ ಮಿತವ್ಯಯ ಎನ್ನಬೇಕು. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಬಳಿಕ, ಕಡ್ಡಾಯ ಹೆಚ್ಚುವರಿ ದುಡಿಮೆಯ ವಿವಾದದಿಂದ 1979ರ ನವೆಂಬರ್‌ನಲ್ಲಿ ಆರಂಭವಾದ ಮುಷ್ಕರ 172 ದಿನ ನಡೆದು, ಮೊದಲೇ ಸಾಲದಲ್ಲಿದ್ದ ಕಂಪನಿಯ ಬೆನ್ನು ಮುರಿಯಿತು. 1980ರ ಅಕ್ಟೋಬರ್‌ನಲ್ಲಿ ಸ್ಕೌಟ್ ನಿಂತಿತು. 1983ರಲ್ಲಿ ಫೋರ್ಟ್ ವೇನ್‌ನ ಟ್ರಕ್ ಕಾರ್ಖಾನೆಯೂ ಮುಚ್ಚಿತು. ಕೃಷಿ ವಿಭಾಗವನ್ನು ಮಾರಿದ ಕಂಪನಿ 1986ರಲ್ಲಿ ನ್ಯಾವಿಸ್ಟಾರ್ ಎಂಬ ಹೊಸ ಹೆಸರು ತಳೆಯಿತು.

ಹೀಗೆ ಅನಾಥವಾದ ಗಾಡಿ ಗುಜರಿ ಸೇರಬೇಕಿತ್ತು. ಸೇರಲಿಲ್ಲ. ಅದಕ್ಕೆ ಒಂದು ಕಾರಣ ಅದರ ರಚನೆಯಲ್ಲೇ ಇದೆ. 1971ರ ನಂತರದ ‘ಸ್ಕೌಟ್ 2’ ಮಾದರಿಯ ಆಕ್ಸಲ್ ಡಾನಾ ಕಂಪನಿಯದು, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕ್ರೈಸ್ಲರ್‌ನದು, ವಿ-8 ಎಂಜಿನ್ ಕಂಪನಿಯ ಟ್ರಕ್‌ಗಳಲ್ಲೂ ಇದ್ದದ್ದೇ. ಆದ್ದರಿಂದ ಯಂತ್ರಭಾಗಗಳಿಗೆ ಬದಲಿ ಹುಡುಕಬಹುದಿತ್ತು. ತೊಂದರೆ ಇದ್ದದ್ದು ತಗಡಿನಲ್ಲಿ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ನಾಡಿನಲ್ಲಿ ಸ್ಕೌಟ್‌ನ ಮೈ ಬಹುಬೇಗ ತುಕ್ಕು ಹಿಡಿಯುತ್ತದೆ. ಆ ಬಾಗಿಲು, ಆ ನೆಲಹಾಸಿನ ತಗಡು ಬೇರಾವ ಗಾಡಿಯಿಂದಲೂ ಸಿಗುವಂಥದ್ದಲ್ಲ. ಮಾಲೀಕರು ಕೆಟ್ಟುನಿಂತ ಗಾಡಿಗಳನ್ನು ಬಿಚ್ಚಿ ಭಾಗಗಳನ್ನು ಕೂಡಿಟ್ಟರು, ಸಣ್ಣ ವರ್ಕ್‌ಶಾಪ್‌ಗಳು ತಗಡನ್ನು ಮತ್ತೆ ಬಡಿದು ರೂಪಿಸಿದವು. ಪ್ರತಿಯೊಂದು ಗಾಡಿಗೂ ಕಾರ್ಖಾನೆಯಲ್ಲಿ ಯಾವ ಎಂಜಿನ್, ಯಾವ ಗೇರ್, ಯಾವ ಬಣ್ಣ ಕೊಟ್ಟಿದ್ದರು ಎಂಬುದನ್ನು ಹೇಳುವ ‘ಲೈನ್ ಸೆಟ್ಟಿಂಗ್ ಟಿಕೆಟ್’ ಎಂಬ ಚೀಟಿಯಿದೆ. ಜಾತಕದಂತಹ ಈ ಚೀಟಿಯನ್ನು ಓದುವುದರಲ್ಲಿ ಮಾಲೀಕರು ಪಂಡಿತರಾಗಿದ್ದಾರೆ. ಮೂಲ ರೂಪಕ್ಕೆ ಚ್ಯುತಿ ಬರಬಾರದೆನ್ನುವವರಿಗೂ ಹೊಸ ಎಂಜಿನ್ ಕೂರಿಸುವವರಿಗೂ ಅವರಲ್ಲಿ ಜಗಳವಿದೆ. ನನ್ನ ಒಲವು ಎರಡನೆಯವರ ಕಡೆಗೆ. ಓಡದ ಗಾಡಿಯನ್ನು ಪೂಜಿಸಿ ಫಲವೇನು? ಈಚೆಗೆ ಇದು ಸಿರಿವಂತರ ಶೋಕಿಯೂ ಆಗಿ ಬೆಲೆ ಗಗನಕ್ಕೇರಿರುವುದು ಬೇರೆ ಮಾತು.

2021ರಲ್ಲಿ ಫೋಕ್ಸ್‌ವ್ಯಾಗನ್‌ನ ಅಂಗಸಂಸ್ಥೆ ಟ್ರೇಟನ್, ನ್ಯಾವಿಸ್ಟಾರನ್ನು ಕೊಂಡಿತು. ಅದರೊಂದಿಗೆ ಸ್ಕೌಟ್ ಎಂಬ ಹೆಸರೂ ಕೈಸೇರಿತು. ಮರುವರ್ಷವೇ ‘ಸ್ಕೌಟ್ ಮೋಟರ್ಸ್’ ಪ್ರಕಟಣೆ ಹೊರಬಿತ್ತು. ದಕ್ಷಿಣ ಕೆರೊಲಿನಾದ ಬ್ಲೈತ್‌ವುಡ್‌ನಲ್ಲಿ 200 ಕೋಟಿ ಡಾಲರ್ ಬಂಡವಾಳದ ಕಾರ್ಖಾನೆಯ ಯೋಜನೆ ಬಂದಿತು, 2024ರ ಅಕ್ಟೋಬರ್‌ನಲ್ಲಿ ವಿದ್ಯುತ್ ಮಾದರಿಗಳ ಅನಾವರಣವಾಯಿತು. ನಾಲ್ಕು ದಶಕ ಜಾಹೀರಾತು, ಷೋರೂಂ ಯಾವುದೂ ಇಲ್ಲದ ಹೆಸರಿನ ಮೇಲೆ ಇಷ್ಟು ಹಣ ಹೂಡುವ ಧೈರ್ಯ ಬಂದದ್ದು ಹಳೆಯ ಗಾಡಿಗಳು ಇನ್ನೂ ಕಣ್ಣಿಗೆ ಬೀಳುತ್ತಿರುವುದರಿಂದಲೇ ಎಂದು ನನಗನಿಸುತ್ತದೆ.

ನಾಲ್ಕೈದು ದಶಕ ಹಳೆಯ ಗಾಡಿಗೆ ಕಂಪನಿಯೇ ಬಿಡಿಭಾಗ ತಯಾರಿಸಲಿ ಎಂಬುದು ಅತಿಯಾದೀತು. ಅದನ್ನು ನಾನು ಕೇಳುತ್ತಿಲ್ಲ. ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಆದರೆ ಬಾಗಿಲು ತಯಾರಿಸಲು ಹಳೆಯ ಜಾಹೀರಾತು, ಫೋಟೊಗಳು ಸಾಲವು. ಅಳತೆಯ ನಕ್ಷೆ ಬೇಕು, ಅದನ್ನು ಬಳಸುವ ಹಕ್ಕು ಬೇಕು, ತಯಾರಾದ ಭಾಗವನ್ನು ಸ್ಕೌಟ್‌ನದೆಂದು ಹೇಳಿ ಮಾರುವ ಅನುಮತಿ ಬೇಕು. ಹೆಸರಿನಿಂದ ಲಾಭ ನಿರೀಕ್ಷಿಸುವವರು ಉಳಿದಿರುವ ನಕ್ಷೆಗಳನ್ನು ಸಣ್ಣ ವರ್ಕ್‌ಶಾಪ್‌ಗಳಿಗೆ ತೆರೆದಿಡಲಿ. ಪರವಾನಗಿ ಶುಲ್ಕ ಬೇಕೆಂದಾದರೆ ವರ್ಷಕ್ಕೆ ಹತ್ತಾರು ಬಾಗಿಲುಗಳನ್ನಷ್ಟೇ ಮಾಡುವವನಿಗೂ ಎಟಕುವಷ್ಟಿರಲಿ.