ಸಿಇಟಿಗೆ ಮೊದಲೇ ಮುಗಿದುಹೋಗುವ ಆಯ್ಕೆ

ಐಐಟಿಗಳ ಬಿ.ಟೆಕ್. ತರಗತಿಗಳಲ್ಲಿ 2016ರಲ್ಲಿ ಹೆಣ್ಣುಮಕ್ಕಳ ಪಾಲು ಸುಮಾರು ಶೇ 8 ಇತ್ತು. 2018ರಿಂದ ಅವರಿಗೆಂದೇ ಹೆಚ್ಚುವರಿ ಸೀಟು ಕೊಟ್ಟ ಮೇಲೆ ಎರಡೇ ವರ್ಷದಲ್ಲಿ ಅದು ಶೇ 20ಕ್ಕೆ ಏರಿತು. ಸ್ವಾಗತಾರ್ಹ ಕ್ರಮ. ಆದರೆ ಆ ಸೀಟಿನವರೆಗೆ ಬರುವವಳು ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಕೋಚಿಂಗ್‌ಗೆ ದುಡ್ಡು ಹೊಂದಿರಬೇಕು, ಮಗಳನ್ನು ದೂರದ ಹಾಸ್ಟೆಲ್‌ಗೆ ಕಳಿಸಲು ಒಪ್ಪುವ ಅಪ್ಪ-ಅಮ್ಮ ಇರಬೇಕು. ರಾಯಚೂರಿನದೋ ಚಾಮರಾಜನಗರದ್ದೋ ಹಳ್ಳಿಯ ಹುಡುಗಿಗೆ ಸೀಟಿನ ಪ್ರಶ್ನೆ ಎದುರಾಗುವುದೇ ಇಲ್ಲ. ಆಕೆಯ ಮಟ್ಟಿಗೆ ಅದು ಆರು, ಏಳು, ಎಂಟನೇ ತರಗತಿಯಲ್ಲೇ ಇತ್ಯರ್ಥವಾಗಿರುತ್ತದೆ.

ಅದು ಇತ್ಯರ್ಥವಾಗುವ ಬಗೆಯನ್ನು ಸಂಶೋಧಕರು ಗುರುತಿಸಿದ್ದಾರೆ. ‘ಸೈನ್ಸ್’ ನಿಯತಕಾಲಿಕದಲ್ಲಿ 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಆರನೇ ವಯಸ್ಸಿಗೇ ಹುಡುಗಿಯರು ‘ತುಂಬಾ ಬುದ್ಧಿವಂತರು’ ಎಂದರೆ ತಮ್ಮವರಲ್ಲ ಎಂದುಕೊಳ್ಳಲು ಶುರು ಮಾಡುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯಗಳ ಕುರಿತು 2020ರಲ್ಲಿ ಬಂದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು: ಯಾರಿಗೆ ಯಾವ ಕೆಲಸ ಎಂದು ಹೇಳದೆ ಬಿಟ್ಟಾಗ ಉಪಕರಣಗಳು ಹುಡುಗರ ಕೈ ಸೇರಿದವು, ಲ್ಯಾಪ್‌ಟಾಪ್ ಮುಂದೆ ಕೂತು ದಾಖಲಿಸುವ ಕೆಲಸ ಹುಡುಗಿಯರದಾಯಿತು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಶಾಲೆಗಳಲ್ಲಿ ಪಾಠ ಮಾಡಿದ ಯಾವ ವಿಜ್ಞಾನ ಶಿಕ್ಷಕಿಯೂ ಈ ದೃಶ್ಯವನ್ನು ಗುರುತಿಸಬಲ್ಲರು. ಸರ್ಕ್ಯೂಟ್ ಜೋಡಿಸುವವನು ಅವನು, ಅಂದವಾಗಿ ರೆಕಾರ್ಡ್ ಬರೆಯುವವಳು ಅವಳು. ಮಾರ್ಕ್ಸ್ ಅವಳಿಗೇ ಹೆಚ್ಚು ಬರುತ್ತವೆ, ಹಾಗಾಗಿ ಏನೋ ತಪ್ಪಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಇದಕ್ಕೆ ಅಮೆರಿಕದಲ್ಲಿ ಕಂಡುಕೊಂಡ ಒಂದು ದಾರಿ ‘ಟೆಕ್ ಟ್ರೆಕ್’. ಪದವೀಧರ ಮಹಿಳೆಯರ ಹಳೆಯ ಸಂಘಟನೆಯೊಂದು 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಬೇಸಿಗೆ ಶಿಬಿರ ಇದು. ಏಳನೇ ತರಗತಿ ಮುಗಿಸಿದ ಹುಡುಗಿಯರನ್ನು ಶಾಲೆಯ ಶಿಕ್ಷಕರೇ ಸೂಚಿಸುತ್ತಾರೆ. ಆಯ್ಕೆಯಾದವರು ಒಂದು ವಾರ ಕ್ಯಾಂಪಸ್ಸಿನಲ್ಲೇ ಉಳಿದು ಎಂಜಿನಿಯರಿಂಗ್, ಗಣಿತ, ಕಂಪ್ಯೂಟರ್ ಕೋಡಿಂಗ್ ಕಲಿಯುತ್ತಾರೆ. ಬಹುಪಾಲು ಖರ್ಚನ್ನು ಊರೂರಿನ ಶಾಖೆಗಳು ದೇಣಿಗೆ ಕೂಡಿಸಿ ಭರಿಸುತ್ತವೆ. ವೃತ್ತಿನಿರತ ವಿಜ್ಞಾನಿ, ಎಂಜಿನಿಯರ್ ಮಹಿಳೆಯರು ಒಂದು ಸಂಜೆ ಬಂದು ಮಕ್ಕಳೊಂದಿಗೆ ಮಾತನಾಡುತ್ತಾರೆ. ನನಗೆ ಇದರಲ್ಲಿ ಮುಖ್ಯವೆನಿಸುವುದು ಆ ವಾಸ್ತವ್ಯ. ಹನ್ನೆರಡು ವರ್ಷದ ಹುಡುಗಿ ಕಾಲೇಜಿನ ಹಾಸ್ಟೆಲ್‌ನಲ್ಲಿ ಮಲಗಿ ಎದ್ದು ಪ್ರಯೋಗಾಲಯಕ್ಕೆ ನಡೆದು ಹೋದರೆ, ಆ ಜಾಗ ತನ್ನದೂ ಹೌದು ಎಂಬುದು ಅವಳಿಗೆ ಭಾಷಣವಿಲ್ಲದೆ ತಿಳಿಯುತ್ತದೆ.

ಹುಡುಗಿಯರಿಗೇ ಪ್ರತ್ಯೇಕ ಯಾಕೆ ಎಂದು ಕೇಳುವವರಿದ್ದಾರೆ. ಮುಂದೆ ಎಲ್ಲರೂ ಜೊತೆಗೇ ಕೆಲಸ ಮಾಡಬೇಕಲ್ಲ ಎಂಬುದು ಅವರ ವಾದ. ನಿಜ, ಮಾಡಬೇಕು. ಆದರೆ ಜೊತೆಗೆ ನಿಲ್ಲುವ ಮೊದಲು ಸೋಲ್ಡರಿಂಗ್ ಐರನ್ ಹಿಡಿದ ರೂಢಿ ಇರಬೇಕು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡ ರಾಜೇಶ್ವರಿ ಚಟರ್ಜಿ ಮೈಕ್ರೋವೇವ್ ಎಂಜಿನಿಯರಿಂಗ್‌ನಲ್ಲಿ ಹೆಸರು ಮಾಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದವರು. ಅವರ ಓದು ಶುರುವಾದದ್ದು ಅಜ್ಜಿ ಕಮಲಮ್ಮ ದಾಸಪ್ಪ ಕಟ್ಟಿದ ಶಾಲೆಯಲ್ಲಿ. ಆ ಅಜ್ಜಿ ಹಳೆ ಮೈಸೂರಿನ ಮೊದಲ ಪದವೀಧರೆಯರಲ್ಲಿ ಒಬ್ಬರು. ಹಾಗೆ ದಾರಿ ಮಾಡಿಕೊಡುವ ಅಜ್ಜಿ ಇಲ್ಲದ ಮನೆಗಳ ಹೆಣ್ಣುಮಕ್ಕಳಿಗೆ ಆ ಕೆಲಸವನ್ನು ಸರ್ಕಾರವೇ ಮಾಡಬೇಕು.

ಕೇಂದ್ರದ ‘ವಿಜ್ಞಾನ ಜ್ಯೋತಿ’ ಯೋಜನೆ ಹೆಣ್ಣುಮಕ್ಕಳಿಗೆಂದೇ ಇದೆ, ಆದರೆ ಶುರುವಾಗುವುದು ಒಂಬತ್ತನೇ ತರಗತಿಯಿಂದ. ಇಸ್ರೊದ ‘ಯುವಿಕ’ ಬೇಸಿಗೆ ಶಿಬಿರವೂ ಒಂಬತ್ತನೇ ತರಗತಿಯವರಿಗೆ. ಅದಕ್ಕಿಂತ ಮುಂಚಿನ ಮೂರು ವರ್ಷಗಳಲ್ಲಿ ಹುಡುಗಿಯರಿಗೆ ಹೇಳಿಕೊಳ್ಳುವಂಥದ್ದು ಕಡಿಮೆ. ಟೆಕ್ ಟ್ರೆಕ್‌ನಂಥ ಶಿಬಿರಕ್ಕೆ ಬೇಕಾದ ಸಾಮಗ್ರಿ ಮಾತ್ರ ಇಲ್ಲೇ ಇದೆ. 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಹಿಂದುಳಿದ ತಾಲ್ಲೂಕುಗಳ ಇದೇ ವಯಸ್ಸಿನ ಹುಡುಗಿಯರಿಗಾಗಿ ಹುಟ್ಟಿದ ವಸತಿ ಶಾಲೆಗಳು. ಪೋಷಕರು ಈಗಾಗಲೇ ಅವನ್ನು ನಂಬಿ ಮಕ್ಕಳನ್ನು ಬಿಟ್ಟಿದ್ದಾರೆ. ಆರನೇ ತರಗತಿಯಿಂದಲೇ ಬಳಸಬಹುದಾದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಗೆ ತಲಾ ₹20 ಲಕ್ಷದವರೆಗೆ ಅನುದಾನ ನಿಗದಿಯಾಗಿದೆ. ಜಿಲ್ಲೆಗಳಲ್ಲಿ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ, ಅಲ್ಲಿ ಉಪನ್ಯಾಸಕಿಯರಿದ್ದಾರೆ. ಇವನ್ನೆಲ್ಲ ಕೂಡಿಸಿ ಈ ಹುಡುಗಿಯರಿಗೆ ಬೇಸಿಗೆಯಲ್ಲಿ ಒಂದು ವಾರದ ವಸತಿ ಶಿಬಿರ ನಡೆಸಬೇಕು.

ಬೇಸಿಗೆ ರಜೆಯಲ್ಲಿ ಶಾಲೆ ತೆರೆಯುವುದು ಕಷ್ಟ ಎಂಬ ಮಾತು ಬರುತ್ತದೆ. 2024ರ ಬರಗಾಲದಲ್ಲಿ ಇದೇ ರಾಜ್ಯ 223 ತಾಲ್ಲೂಕುಗಳಲ್ಲಿ ರಜೆಯ ದಿನಗಳಲ್ಲೂ ಬಿಸಿಯೂಟ ಬಡಿಸಲು ತೀರ್ಮಾನಿಸಿತ್ತು. ಮನಸ್ಸಿದ್ದರೆ ಬಾಗಿಲು ತೆರೆಯುತ್ತದೆ. ಏಪ್ರಿಲ್-ಮೇ ತಿಂಗಳು ನಗರದ ಮಕ್ಕಳಿಗೆ ಈಜು, ರಂಗತರಬೇತಿ, ರೋಬೊಟಿಕ್ಸ್ ಶಿಬಿರಗಳ ಕಾಲ. ಹಳ್ಳಿಯ ಹುಡುಗಿಗೆ ಅದೇ ತಿಂಗಳುಗಳಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳುವ, ನೀರು ಹೊರುವ, ಕೆಲವೊಮ್ಮೆ ಮದುವೆಯ ಮಾತು ಕಿವಿಗೆ ಬೀಳುವ ಕಾಲ. ಹೊತ್ತಿಗೆ ಊಟ, ಮಲಗಲು ಸುರಕ್ಷಿತ ಜಾಗ ಕೊಡುವ ಶಿಬಿರ ಅವಳಿಗೆ ವಿಜ್ಞಾನಕ್ಕಿಂತ ಹೆಚ್ಚಿನದನ್ನೇ ಕೊಡುತ್ತದೆ.

ಉದ್ಘಾಟನೆ, ಪ್ರೇರಣಾ ಭಾಷಣ, ಡ್ರೋನ್ ಪ್ರದರ್ಶನ, ಕೊನೆಗೆ ಸರ್ಟಿಫಿಕೇಟ್ – ಇಷ್ಟಕ್ಕೇ ನಿಲ್ಲುವ ಶಿಬಿರ ಬೇಡ. ಪಾಠ ಕನ್ನಡದಲ್ಲಿ ನಡೆಯಲಿ. ಪ್ರತಿ ಹುಡುಗಿಯ ಕೈಗೂ ಮಲ್ಟಿಮೀಟರ್ ಬರಲಿ. ಊರಿನ ಕೈಪಂಪನ್ನು ಬಿಚ್ಚಿ ಮತ್ತೆ ಜೋಡಿಸಲಿ. ಒಂದು ವಾರದ ಹುರುಪು ತಾನಾಗಿ ಉಳಿಯುವುದಿಲ್ಲ, ಆದ್ದರಿಂದ ಪಾಲಿಟೆಕ್ನಿಕ್‌ನ ಒಬ್ಬ ಉಪನ್ಯಾಸಕಿ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಆ ಹುಡುಗಿಯರ ಸಂಪರ್ಕದಲ್ಲಿರುವ ಹೊಣೆ ಹೊರಲಿ, ಅದನ್ನು ಅವರ ಅಧಿಕೃತ ಕೆಲಸವೆಂದೇ ಪರಿಗಣಿಸಲಿ. ಶಾಲಾ ಶಿಕ್ಷಣ ಇಲಾಖೆ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ ಒಟ್ಟಿಗೆ ಕೂತು, ಮೊದಲಿಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಾದರೂ, ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ತೆಗೆದಿಡಬೇಕು.